ಗ್ಲೈಡರುಗಳ ಸ್ಥಾನಘೋಷಕ ಯಂತ್ರ: ಉತ್ಪತ್ತಿವಿಚಾರ

ವಿಮಾನಗಳು ಒಂದಕ್ಕೊಂದು ತಾಗದಂತೆ ತಮ್ಮ ಇರವನ್ನು ರೇಡಿಯೋ ಮೂಲಕ ಸಾರುವ ಪದ್ಧತಿಯು ಸರಕಾರಗಳ ಶಾಸನದಿಂದ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುವರು. ದೊಡ್ಡ ವಿಮಾನಗಳ ಮಟ್ಟಿಗೆ ಈ ಮಾತು ಸಲ್ಲುವುದು. ಎಂಜಿನ್ನಿಲ್ಲದ ಗ್ಲೈಡರುಗಳ ವಿಷಯದಲ್ಲಿ ಮಾತ್ರ ಇದು ಕಾಲಕ್ರಮಕ್ಕೆ ವಿರುದ್ಧವಾದುದು.

ಗ್ಲೈಡರು ಬಿಸಿಯಿಂದ ಮೇಲೇಳುವ ಗಾಳಿಯನ್ನಾಶ್ರಯಿಸಿ ಸುತ್ತುತ್ತ ಏರತಕ್ಕದ್ದು. ಒಂದೇ ಗಾಳಿಯಲ್ಲಿ ಹಲವು ಗ್ಲೈಡರುಗಳು ಕೂಡುವುದುಂಟು. ಅವುಗಳ ಮೈ ತೆಳು, ಬಣ್ಣ ಬಿಳಿ. ಎದುರಿನಿಂದ ಬರುವವನ ಕಣ್ಣಿಗೆ ಬೀಳುವುದೇ ಕಷ್ಟ. ವಿದ್ಯುತ್ತಿಗೆ ಸಣ್ಣದೊಂದು ಬ್ಯಾಟರಿಯೇ ಗತಿ. ೨೦೦೬ನೆಯ ಇಸವಿ ಆಗಸ್ಟ್ ೨೮ರಂದು ಅಮೆರಿಕದ ನೆವಾಡ ಪ್ರಾಂತದಲ್ಲಿ, ಸುಮಾರು ೧೬,೦೦೦ ಅಡಿ ಎತ್ತರದಲ್ಲಿ, ಹಾಕರ್ ಎಂಬ ಜೆಟ್ ವಿಮಾನವೂ ಒಂದು ಗ್ಲೈಡರೂ ಡಿಕ್ಕಿ ಹೊಡೆದವು. ಗ್ಲೈಡರಿನಲ್ಲಿ ರಾಡಾರಿಗೆ ಉತ್ತರಕೊಡುವ ಟ್ರಾನ್ಸ್‌ಪಾಂಡರ್ ಇದ್ದಿತು. ಬ್ಯಾಟರಿಯನ್ನು ಉಳಿಸುವುದಕ್ಕಾಗಿ ಚಾಲಕನು ಅದನ್ನು ಆರಿಸಿದ್ದನು. ಅವನು ಪ್ಯಾರಾಚೂಟಿನಿಂದ ಇಳಿದನು, ಜೆಟ್ಟು ಹೇಗೋ ನೆಲಮುಟ್ಟಿತು, ಯಾರೂ ಸಾಯಲಿಲ್ಲ. ಗ್ಲೈಡರುಗಳಿಗೆ ಆ ಯಂತ್ರವು ಕಡ್ಡಾಯವಲ್ಲವೆಂಬ ವಿನಾಯಿತಿಯಿದ್ದುದರಿಂದ ಅವನೊಬ್ಬನನ್ನು ದೂಷಿಸಿ ಫಲವಿಲ್ಲ. ಯಂತ್ರವು ಅಗ್ಗವೋ ಅಲ್ಲವೋ ಎಂಬುದನ್ನು ಬೆಲೆಯಿಂದ ಮಾತ್ರ ಅಳೆಯಲಾಗದು, ಅದು ನುಂಗುವ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೆ ಮೊದಲೇ, ೨೦೦೪ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಉರ್ಸ್ ರೋಥಾಖರ್, ಆಂಡ್ರೆಯಾ ಶ್ಲಾಪ್‌ಬಾಖ್ ಎಂಬವರು ಫ್ಲಾರ್ಮ್ ಎಂಬ ಯಂತ್ರವನ್ನು ಹೊರತಂದಿದ್ದರು. ಇದು ಉಪಗ್ರಹಗಳಿಂದ ತನ್ನ ಸ್ಥಾನವನ್ನರಿತು, ಮುಂದಿನ ಕೆಲವು ಸೆಕೆಂಡುಗಳಲ್ಲಿ ತಾನು ಹಿಡಿಯಲಿರುವ ದಾರಿಯನ್ನು ಗಣಿಸಿ, ಅಲ್ಪಶಕ್ತಿಯ ರೇಡಿಯೋದಿಂದ ಸಾರುವುದು. ಇತರರ ದಾರಿಯನ್ನು ಕೇಳಿ, ತಾಗುವ ಸಂಭವವಿದ್ದರೆ ಮಾತ್ರ ಎಚ್ಚರಿಸುವುದು. ಒಟ್ಟಿಗೆ ಸುತ್ತುವ ಗ್ಲೈಡರುಗಳ ನಡುವೆ ಸಾಮೀಪ್ಯಮಾತ್ರದಿಂದ ಕೂಗುವ ಯಂತ್ರವು ನಿರುಪಯೋಗವಷ್ಟೆ. ಅಮೆರಿಕದಲ್ಲಿ ಎ.ಡಿ.ಎಸ್.-ಬಿ. ಎಂಬ ಘೋಷಣಪದ್ಧತಿಯ ನಿಬಂಧನೆ ಹೊರಟದ್ದು ೨೦೧೦ರಲ್ಲಿ, ಜಾರಿಗೆ ಬಂದದ್ದು ೨೦೨೦ರ ಜನವರಿ ೧ರಂದು. ಗ್ಲೈಡರುಗಳಿಗೆ ಅಲ್ಲಿಯೂ ಬಹುಮಟ್ಟಿಗೆ ವಿನಾಯಿತಿ. ಲಘುವಿಮಾನಗಳ ಒಡೆಯರನ್ನು ಒಲಿಸಲು ೨೦೧೬ರಲ್ಲಿ ೫೦೦ ಡಾಲರುಗಳ ಸಹಾಯಧನವನ್ನು ಸಾರಬೇಕಾಯಿತು. ಬ್ರಿಟನ್ನಿನವರು ೨೦೨೦ರಲ್ಲಿ ೨೫೦ ಪೌಂಡು ಮೀರದಂತೆ ಅರ್ಧ ಬೆಲೆಯನ್ನು ಕೊಟ್ಟರು. ಆದಕಾರಣ ಶಾಸನವು ಇಲ್ಲಿ ಅನುಗಾಮಿಯೇ ಹೊರತು ಜನಕವಲ್ಲ.

ಆದರೆ ಸ್ವತಂತ್ರವಾಗಿ ಹುಟ್ಟಿದ್ದರ ದೋಷವೂ ಉಂಟು. ಎ.ಡಿ.ಎಸ್.-ಬಿ. ನುಡಿಯುವುದು ಮುಖ್ಯವಾಗಿ ೧೦೯೦ ಮೆಗಾಹರ್ಟ್ಸಿನಲ್ಲಿ. ಫ್ಲಾರ್ಮ್ ಯೂರೋಪಿನಲ್ಲಿ ೮೬೮ರ ಸಮೀಪದಲ್ಲಿ. ಒಂದರ ನುಡಿ ಇನ್ನೊಂದಕ್ಕೆ ತಿಳಿಯದು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದೊಪ್ಪಿದರೂ, ಇದ್ದಿದ್ದರೆ ತೋರತಕ್ಕ ವಸ್ತುವಿನ ವಿಷಯದಲ್ಲಿ ಮಾತ್ರವೆಂದು ಕಟ್ಟುಮಾಡಿದರು. ತನ್ನ ಯಂತ್ರವು ಸುಮ್ಮನಿದೆಯೆಂಬ ಮಾತ್ರಕ್ಕೆ ಆಕಾಶವು ಬರಿದೆಂದು ನಿಶ್ಚಯಿಸುವ ಚಾಲಕನಿಗೆ ಈ ಕಟ್ಟನ್ನು ಹೇಳಬೇಕಾಗಿದೆ. ಎರಡನ್ನೂ ಕೇಳುವ ಗ್ರಾಹಕಯಂತ್ರಗಳು ಈಗ ದೊರೆಯುತ್ತವೆ. ಟ್ರಾನ್ಸ್‌ಪಾಂಡರನ್ನು ಆರಿಸಿದ್ದ ನೆವಾಡದ ಗ್ಲೈಡರು ಅವುಗಳಿಗೂ ಕೇಳಿಸುತ್ತಿರಲಿಲ್ಲ.