ಉಚಿತವೆಂಬ ಮಾತಿನ ಬೆಲೆ

ಬೆಳಗಾವಿಯ ಶಿವಬಸವ ನಗರದಲ್ಲಿ ‘ಉಚಿತ ಪ್ರಸಾದ ನಿಲಯ’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಆ ಬಡಾವಣೆಗೆ ಹೆಸರು ಬಂದದ್ದೇ ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಟ್ಟು ಓದಿಸಿದ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳಿಂದ. ಆದರೆ ಅದೇ ಊರಿನ ಮರಾಠಿ ಓದುಗರಿಗೆ ‘ಉಚಿತ’ ಎಂದರೆ ತಕ್ಕದ್ದು, ಯೋಗ್ಯವಾದದ್ದು. ದುಡ್ಡಿಲ್ಲದೆ ಸಿಗುವುದು ಅವರಿಗೆ ‘ಮೋಫತ್’. ಹಿಂದಿಯಲ್ಲಿ ‘ಉಚಿತ ಮೂಲ್ಯ’ದ ದುಕಾನು ಎಂದರೆ ನಮ್ಮ ನ್ಯಾಯಬೆಲೆ ಅಂಗಡಿ, ಕನ್ನಡದ ಕಿವಿಗೆ ಮಾತ್ರ ಅದು ಬೆಲೆಯೇ ಇಲ್ಲದ ಬೆಲೆ. ಹಾಗೆಂದು ಕನ್ನಡ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಸಮಯೋಚಿತ, ಯಥೋಚಿತ, ಉಚಿತಾನುಚಿತ, ಔಚಿತ್ಯ: ಜೊತೆಗೊಂದು ಪದವಿದ್ದರೆ ಉಚಿತ ಘನವಾಗಿಯೇ ಇರುತ್ತದೆ, ಒಂಟಿಯಾದರೆ ಪುಕ್ಕಟೆಯಾಗುತ್ತದೆ.

ಈ ಪುಕ್ಕಟೆತನ ತೊಡಕಾಗುವುದು ‘ಉಚಿತ ತಂತ್ರಾಂಶ’ ಎಂದು ಬರೆಯುವಾಗ. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ‘ಫ್ರೀ ಸಾಫ್ಟ್‌ವೇರ್’ ಕಟ್ಟುವ ಗ್ನೂ ಯೋಜನೆ ಸಾರಿದಾಗ ಕೇಳಿದ್ದು ಬೆಲೆಯ ರಿಯಾಯಿತಿಯನ್ನಲ್ಲ. ತಂತ್ರಾಂಶವನ್ನು ಬೇಕಾದಂತೆ ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕನ್ನು. ಪಂಕ್ತಿಯಲ್ಲಿ ಕೂತು ಉಣ್ಣುವುದು ಬೇರೆ, ಅಡುಗೆಮನೆ ಹೊಕ್ಕು ಸಾರಿಗೆ ಉಪ್ಪು ಹಾಕುವ ಅಧಿಕಾರ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಒಂದೇ ಪದವಾದ್ದರಿಂದ ಆ ಮನುಷ್ಯ ನಾಲ್ಕು ದಶಕ ಅದನ್ನೇ ಬಿಡಿಸಿ ಹೇಳಬೇಕಾಯಿತು. ಕನ್ನಡಕ್ಕೆ ಆ ಬಡತನವಿಲ್ಲ, ‘ಮುಕ್ತ’ ಇದೆ. ಅದನ್ನು ಇಡುವ ಜಾಗ ಮಾತ್ರ ಗೊತ್ತಿರಬೇಕು. ಮುಂದೆ ನಿಂತರೆ ತೆರೆಯುತ್ತದೆ: ಮುಕ್ತ ವಿಶ್ವವಿದ್ಯಾನಿಲಯ, ಮುಕ್ತ ಮಾರುಕಟ್ಟೆ. ಹಿಂದೆ ನಿಂತರೆ ತೊಲಗಿಸುತ್ತದೆ: ಋಣಮುಕ್ತ, ರೋಗಮುಕ್ತ, ಬಯಲು ಶೌಚ ಮುಕ್ತ. ‘ತಂತ್ರಾಂಶಮುಕ್ತ ಕಚೇರಿ’ ಎಂದರೆ ಮತ್ತೆ ಲೆಡ್ಜರ್ ಪುಸ್ತಕಕ್ಕೆ ಮರಳಿದ ಕಚೇರಿ. (ಅದನ್ನು ಬಯಸುವ ಗುಮಾಸ್ತರೂ ಇದ್ದಾರು.)

ಪುಕ್ಕಟೆಯಾಗಿದ್ದೂ ಮುಕ್ತವಲ್ಲದ್ದು ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಇವಿಲ್ಲದಿದ್ದರೆ ನಮ್ಮ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಅಷ್ಟು ಬೇಗ ಮೂಡುತ್ತಿರಲಿಲ್ಲ. ಆ ಉಪಕಾರ ದೊಡ್ಡದು. ಆದರೆ ಆಗಿನ ಕಡತಗಳಲ್ಲಿ ಅಕ್ಷರ ಕೂತದ್ದು ಫಾಂಟಿನ ಸ್ವಂತ ಸಂಕೇತಗಳಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಒಂದು ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಒಂದು ಜರ್ಮನ್ ಅಕ್ಷರ, ಕ್ಯೂ ಎಂದು ಸಾಲುಗಟ್ಟುತ್ತದೆ. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು. ಹಲವು ವರ್ಷ ಪುಕ್ಕಟೆ ಸಿಕ್ಕ ಬರಹ ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ಮಾಡಿದವರ ಹಕ್ಕು, ಆಕ್ಷೇಪ ಸಲ್ಲದು. ಪುಕ್ಕಟೆ ಎಂಬುದು ಕೊಡುವವರ ಮರ್ಜಿ ಎಂದಷ್ಟೇ ತಿಳಿದಿರಬೇಕು. ಇಂಥ ಹಳೆಯ ಕಡತಗಳನ್ನು ಎಲ್ಲ ಕಂಪ್ಯೂಟರಿಗೂ ಸಮಾನ ಸಂಕೇತವಾದ ಯೂನಿಕೋಡಿಗೆ ತರುವ ಪರಿವರ್ತಕವನ್ನು ಬರೆದ ಅರವಿಂದ ವಿ.ಕೆ. ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಪಠ್ಯ) ಸಮೇತ ಬಿಟ್ಟುಕೊಟ್ಟರು. ಅವರು ನಾಳೆ ಆಸಕ್ತಿ ಕಳೆದುಕೊಂಡರೂ ಇನ್ನೊಬ್ಬರು ಮುಂದುವರಿಸಬಹುದು.

ಕೋಡ್ ಓದಲು ಬಾರದ ರೈತನಿಗೆ, ತಹಶೀಲ್ದಾರನಿಗೆ ಇದರಿಂದೇನು ಎಂಬುದು ನ್ಯಾಯವಾದ ಪ್ರಶ್ನೆ. ದೃಷ್ಟಿಯಿಲ್ಲದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶವನ್ನು ನೋಡಿ. ಅದರೊಂದಿಗೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ತುಸು ಒರಟು, ಆದರೆ ಓದುತ್ತದೆ. ಕನ್ನಡದ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕುವ ಕಂಪನಿಗೆ ಕಾಯದೆ, ಬಲ್ಲವರು ಕನ್ನಡವನ್ನು ಸೇರಿಸಬಹುದಾದ್ದು ಬಾಗಿಲು ತೆರೆದಿದ್ದರಿಂದ. ಬಳಸುವವರಿಗೆ ಕೋಡ್ ಬರಬೇಕಿಲ್ಲ, ಬರುವವರನ್ನು ತಡೆಯದಿದ್ದರಾಯಿತು. ಕೆಟ್ಟರೆ ರಿಪೇರಿ ಮಾಡುವವರಾರು ಎಂಬುದು ಎರಡನೆಯ ಆಕ್ಷೇಪ. ಮುಕ್ತ ಎಂದರೆ ಸಂಬಳವಿಲ್ಲದ ಕೆಲಸ ಎಂದುಕೊಂಡಾಗ ಹುಟ್ಟುವ ಪ್ರಶ್ನೆ ಇದು. ಮುಕ್ತ ತಂತ್ರಾಂಶಕ್ಕೆ ಸೇವೆ ಒದಗಿಸುವ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3400 ಕೋಟಿ ಡಾಲರಿಗೆ ಕೊಂಡಿತು. ಹಾಗಿದ್ದೂ ಈ ಆಕ್ಷೇಪದಲ್ಲಿ ಹುರುಳಿದೆ. 2014ರಲ್ಲಿ, ಜಾಲತಾಣಗಳ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಮುಕ್ತ ತಂತ್ರಾಂಶವಾದ ಓಪನ್ಎಸ್ಎಸ್ಎಲ್‌ನಲ್ಲಿ ಸಿಕ್ಕ ಹಾರ್ಟ್‌ಬ್ಲೀಡ್ ದೋಷ, ಜಗತ್ತೇ ನೆಚ್ಚಿದ ಕೋಡನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರೆಂದು ತೋರಿಸಿತು. ತೆರೆದಿಟ್ಟ ಮಾತ್ರಕ್ಕೆ ಯಾರೂ ಗುಡಿಸುವುದಿಲ್ಲ, ಅದಕ್ಕೆ ದುಡ್ಡು ಬೇಕು. ತಂತ್ರಾಂಶದ ಲೈಸೆನ್ಸಿಗೆ ಕೊಡುವ ಸರ್ಕಾರಿ ಹಣದಲ್ಲಿ ಒಂದು ಪಾಲು ಅತ್ತ ಹೋಗಲಿ ಎಂಬುದು ನನ್ನ ವಾದ.

ದೇಶದ ಮಟ್ಟದಲ್ಲಿ ಮುಕ್ತತೆಯ ಬೆಲೆಯ ತಿಳಿವಳಿಕೆ ಹೊಸದಲ್ಲ. ಮೈಕ್ರೋಸಾಫ್ಟಿನ ಕಡತ ಮಾದರಿಗೆ ಅಂತರರಾಷ್ಟ್ರೀಯ ಮಾನಕದ ಪಟ್ಟ ಕಟ್ಟುವ ಪ್ರಸ್ತಾಪ 2007ರಲ್ಲಿ ಮತಕ್ಕೆ ಬಂದಾಗ ಭಾರತ ‘ಬೇಡ’ ಎಂದಿತು. ಮರುವರ್ಷ ಅದು ಅಂಗೀಕಾರವಾಯಿತು, ಆ ಮಾತು ಬೇರೆ. ಬೆಂಗಳೂರಿನ ಐಐಐಟಿಯಲ್ಲಿ ಸಿದ್ಧವಾದ ಮೋಸಿಪ್ ಎಂಬ ಮುಕ್ತ ಗುರುತಿನ ವ್ಯವಸ್ಥೆಯನ್ನು ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿಗೆ ಎತ್ತಿಕೊಂಡಿದೆ. ಇತ್ತ ವ್ಯಾಪಾರ ಒಪ್ಪಂದಗಳಲ್ಲಿ, ಸರ್ಕಾರಗಳು ಸೋರ್ಸ್ ಕೋಡ್ ಕೇಳುವುದನ್ನೇ ನಿರ್ಬಂಧಿಸುವ ಕಲಮುಗಳು ನುಸುಳುತ್ತಿವೆ. ವಿಶ್ವ ವ್ಯಾಪಾರ ಸಂಸ್ಥೆಯ ಮಾತುಕತೆಯಲ್ಲಿ ಅಂಥ ಕಲಮಿಗೆ ಕೊಟ್ಟಿದ್ದ ಬೆಂಬಲವನ್ನು ಸ್ವತಃ ಅಮೆರಿಕವೇ 2023ರಲ್ಲಿ ಹಿಂತೆಗೆದುಕೊಂಡಿತು. ಇನ್ನು ನಮ್ಮಲ್ಲಿ, ಕೇಂದ್ರದ 2015ರ ನೀತಿಯ ಪ್ರಕಾರ ಸರ್ಕಾರಿ ಟೆಂಡರಿಗೆ ಬರುವ ಕಂಪನಿ ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಕೈಬಿಟ್ಟರೆ ಏಕೆಂದು ಬರೆದು ಕೊಡಬೇಕು. ಆ ‘ಏಕೆ’ಯ ಉತ್ತರವನ್ನು ಟೆಂಡರ್ ದಾಖಲೆಯ ಜೊತೆಗೇ ಪ್ರಕಟಿಸಿದರೆ, ಬೆಂಗಳೂರಿನ ಇಲಾಖೆಯಾಗಲಿ ಖಾನಾಪುರದ ಪಟ್ಟಣ ಪಂಚಾಯಿತಿಯಾಗಲಿ ಕೊಂಡದ್ದು ಉಚಿತವೋ ಅನುಚಿತವೋ ಎಂದು ತೆರಿಗೆ ಕಟ್ಟಿದವರೇ ನೋಡಿಕೊಳ್ಳಬಹುದು.