ಬೆಕ್ಕಿನ ತಟ್ಟೆಗೆ ಬಿದ್ದ ಬಿಳಿ ಪುಡಿ

1827ರಲ್ಲಿ ಟೀಡೆಮನ್ ಮತ್ತು ಗ್ಮೆಲಿನ್ ಎಂಬ ಜರ್ಮನ್ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಟಾರಿನ್ ಎಂಬ ಬಿಳಿ ಪುಡಿಯನ್ನು ಬೇರ್ಪಡಿಸಿದರು. ಬೆಕ್ಕಿಗೆ ಅದು ಜೀವಾಳವೆಂದು ತಿಳಿಯಲು ಇನ್ನೂ ಸುಮಾರು ಒಂದೂವರೆ ಶತಮಾನ ಬೇಕಾಯಿತು.

1975ರಲ್ಲಿ ಅಮೆರಿಕದ ಸಂಶೋಧಕರು, ಹಾಲಿನ ಪ್ರೋಟೀನಾದ ಕೇಸಿನ್ ತಿಂದು ಬೆಳೆದ ಬೆಕ್ಕುಗಳ ಅಕ್ಷಿಪಟ ಹಾಳಾಗುವುದನ್ನು ಕಂಡರು. ಟಾರಿನ್ ಕೊರತೆಯೇ ಕಾರಣ. ಮಾಂಸ, ಮೀನಿನಲ್ಲಿ ಅದು ಧಾರಾಳ. ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. (ನಮ್ಮ ಮನೆಗಳ ಹಾಲನ್ನದ ಬೆಕ್ಕುಗಳನ್ನು ಕಾಪಾಡಿದ್ದು ಬಹುಶಃ ಅಟ್ಟದ ಇಲಿಗಳು.)

ಇಷ್ಟಕ್ಕೇ ಮುಗಿಯಲಿಲ್ಲ. ಹೃದಯ ಹಿಗ್ಗಿ ಸೋಲುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆಯೆಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಶುವೈದ್ಯ ಪಾಲ್ ಪಯನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅವು ತಿನ್ನುತ್ತಿದ್ದದ್ದು ಅಂಗಡಿಯ ಸಿದ್ಧ ಆಹಾರ. ಅಂದಿನ ಮಾನದಂಡದ ಪ್ರಕಾರ ಅದರಲ್ಲಿ ಟಾರಿನ್ ಸಾಕಷ್ಟಿತ್ತು! ಮಾನದಂಡವೇ ತಪ್ಪಾಗಿತ್ತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿತು. ಕಂಪನಿಗಳು ಪ್ರಮಾಣ ಏರಿಸಿದವು, ಆ ಕಾಯಿಲೆ ಅಪರೂಪವಾಯಿತು.

ಟಾರಿನ್‌ಗೆ ಗಾಢ ವಾಸನೆಯಿಲ್ಲದ್ದು ವೈದ್ಯರ ಪುಣ್ಯ. ಊಟಕ್ಕೆ ಬೆರೆಸುವ ಉಳಿದ ಔಷಧದ ಪುಡಿಗಳನ್ನು ಬೆಕ್ಕು ಮೂಸಿಯೇ ಪತ್ತೆ ಹಚ್ಚುತ್ತದೆ. ಬೆಲ್ಲ ಬೆರೆಸಿ ಮಗುವನ್ನು ಒಲಿಸಬಹುದು, ಬೆಕ್ಕನ್ನಲ್ಲ: ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಅದರಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಗೊತ್ತಾಯಿತು. ಉಪ್ಪು, ಈರುಳ್ಳಿ ಹಾಕದೆ ಮೀನು ಬೇಯಿಸಿದ ಬೆಚ್ಚನೆಯ ನೀರು ಹೆಚ್ಚು ಕೆಲಸ ಮಾಡುತ್ತದೆ.

ಹಸಿದರೆ ತಾನೇ ತಿನ್ನುತ್ತದೆಂದು ಮಾತ್ರ ಕಾಯಬೇಡಿ. ಕೆಲವೇ ದಿನ ಉಪವಾಸ ಬಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರಬಹುದು. ಒಂದು ದಿನ ಪೂರ್ತಿ ಬಾಯಿಗೆ ಏನೂ ಇಡದಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ.