ಸರಾಯೆವೊದ ಗಾಯನವೃಂದ

ಬೋಸ್ನಿಯಾದ ರಾಜಧಾನಿ ಸರಾಯೆವೊ ಎಂದೊಡನೆ ನಮಗೆ ನೆನಪಾಗುವುದು 1992ರಲ್ಲಿ ಸರ್ಬ್ ಸೈನ್ಯ ಹಾಕಿದ ಮುತ್ತಿಗೆ. 1996ರಲ್ಲಿ ಅದು ಮುಗಿದ ಬಳಿಕ, ಅದೇ ವರ್ಷ ಅಲ್ಲೊಂದು ಗಾಯನವೃಂದ ಹುಟ್ಟಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದರ ಹೆಸರು ‘ಪೊಂಟಾನಿಮಾ’, ಅಂದರೆ ಆತ್ಮಗಳ ಸೇತುವೆ. ಕಟ್ಟಿದವರು ಫ್ರಾನ್ಸಿಸ್ಕನ್ ಪಾದ್ರಿ ಇವೊ ಮಾರ್ಕೊವಿಚ್. ಯುದ್ಧಕಾಲದಲ್ಲಿ ಅವರ ತಂದೆಯನ್ನೂ ಅನೇಕ ಬಂಧುಗಳನ್ನೂ ಕೊಂದವರು ಮುಸ್ಲಿಮ್ ಸೈನಿಕರು. ಆದರೂ ಅವರ ವೃಂದದಲ್ಲಿ ಮುಸ್ಲಿಮರಿಗೆ ಜಾಗವಿತ್ತು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಯಹೂದಿ ಸ್ತೋತ್ರಗಳ ಜೊತೆ ಮುಸ್ಲಿಮರ ‘ಇಲಾಹಿ’ ಗೀತೆಗಳೂ ಅಲ್ಲಿ ಸೇರಿದವು. ಸರ್ಬರ ಆರ್ಥೊಡಾಕ್ಸ್ ಸ್ತೋತ್ರಗಳನ್ನು ಬಾಯಿಗೆ ತರಲು ಮೊದಮೊದಲು ಹಲವು ಗಾಯಕರಿಗೆ ಕಷ್ಟವಾಯಿತು. ಗಾಯ ಹಸಿಯಾಗಿತ್ತಲ್ಲ! ಆದರೂ ಕಲಿತರು, ಹಾಡಿದರು. ಬೋಸ್ನಿಯಾದಲ್ಲಿ ನಮ್ಮವರಿಗಾದ ಅನ್ಯಾಯವನ್ನು ಬರೆಯುವಾಗ ನಮ್ಮವರ ಕೈಯಿಂದಾದ ಕೊಲೆಗಳನ್ನೂ ಬರೆಯುವುದು ಆ ಪಾದ್ರಿಗೆ ನಾವು ಸಲ್ಲಿಸಬೇಕಾದ ಋಣ.